ಕೊಬ್ಬರಿ ಡ್ರೈಯರಿನ ಪೆಲೆಟ್ ಒಲೆಗೆ ಪೇಟೆಯ ಬಿಡಿಭಾಗಗಳು: ಒಂದು ದುರಸ್ತಿಯ ದಾಖಲೆ

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ತೋಟದ ಮನೆಯಲ್ಲಿ ಕೊಬ್ಬರಿ, ಜಾಯಿಕಾಯಿ ಮತ್ತು ಮಳೆಗೆ ಸಿಕ್ಕಿದ ಅಡಿಕೆಯನ್ನು ಒಣಗಿಸುವ ಡ್ರೈಯರ್ ಇದೆ. ಅದಕ್ಕೆ ಬಿಸಿಗಾಳಿಯನ್ನು ಒದಗಿಸುವುದು ಒಂದು ಪೆಲೆಟ್ ಒಲೆ. ಮರದ ಹುಡಿಯನ್ನು ಒತ್ತಿ ಮಾಡಿದ, ಸುಮಾರು 8 ಮಿಲಿಮೀಟರ್ ದಪ್ಪದ ಪೆಲೆಟ್‌ಗಳನ್ನು ಮೇಲಿನ ಹಾಪರಿಗೆ ತುಂಬಿಸಿದರೆ, ಓರೆಯಾಗಿರುವ ಕೊಳವೆಯೊಳಗಿನ ಸ್ಕ್ರೂ ಅವನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ, ಜಾರುಬಾಯಿಯ ಮೂಲಕ ಬೆಂಕಿಯ ಬಟ್ಟಲಿಗೆ ಬೀಳಿಸುತ್ತದೆ. ಬ್ಲೋವರಿನ ಗಾಳಿ ಬಟ್ಟಲಿನ ತೂತುಗಳಿಂದ ಮೇಲೆದ್ದು ಉರಿಯನ್ನು ಕಾಯುತ್ತದೆ. ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಒಣಗಿಸುವ ಕೋಣೆಗೆ ಹೋಗುವುದು ಹೊಗೆಕೊಳವೆಗಳ ಹೊರಮೈಯನ್ನು ಸವರಿ ಬಿಸಿಯಾದ ಬರೀ ಗಾಳಿ.

ಕೊಬ್ಬರಿಗೆ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಬೆಂಕಿಯೇ ನಮ್ಮ ಊರಿನ ವಾಡಿಕೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ, ಗೆರಟೆಯನ್ನೇ ಉರಿಸುವ ಡ್ರೈಯರುಗಳನ್ನು ರೂಪಿಸಿ ಕೊಟ್ಟಿದೆ. ಆದರೆ ಗೆರಟೆಗೆ ಇದ್ದಿಲಿನವರಿಂದ ಒಳ್ಳೆಯ ಬೆಲೆ ಸಿಗತೊಡಗಿದ ಮೇಲೆ ಈ ಮನೆಯವರು ಗೆರಟೆಯನ್ನು ಮಾರಿ ಪೆಲೆಟ್ ಕೊಳ್ಳುವುದೇ ಲೇಸೆಂದು ಎಣಿಸಿದರು. ತಾಪವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಪೆಲೆಟ್ ಒಲೆಯಲ್ಲಿ ಸುಲಭ ಎನ್ನುವುದು ಇನ್ನೊಂದು ಕಾರಣ. ಹಸಿ ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರೇ ಇರುತ್ತದೆ; ಅದನ್ನು ಶೇಕಡಾ 6ರ ಆಸುಪಾಸಿಗೆ ಇಳಿಸಬೇಕು, ಮತ್ತು ಗಾಳಿಯ ತಾಪ 70 ಡಿಗ್ರಿಯನ್ನು ದಾಟಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಹೊರಗೆ ಬರಲಾರದು. ಹಾಗಾಗಿ ಒಲೆ ಒಂದೇ ಸಮನೆ ಉರಿಯುವುದು ಇಲ್ಲಿ ಬಹಳ ಮುಖ್ಯ.

ಒಲೆ ಹಾಗೆ ಉರಿಯುವುದು ನಿಂತುಹೋಗಿತ್ತು. ಪೆಲೆಟ್ ಒಮ್ಮೆ ರಾಶಿಯಾಗಿ ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ. ಬ್ಲೋವರ್ ಕಿರುಚುತ್ತಿತ್ತು, ಬಾಗಿಲಿನ ಸಂದಿಯಿಂದ ಹೊಗೆ ಬಂದು ಕೊಬ್ಬರಿಗೆ ವಾಸನೆ ಹತ್ತುತ್ತಿತ್ತು. ತಯಾರಕರನ್ನು ವಿಚಾರಿಸಿದಾಗ ಆ ಮಾದರಿಯನ್ನೇ ಕೈಬಿಟ್ಟಿದ್ದೇವೆ, ಬಿಡಿಭಾಗಗಳಿಲ್ಲ ಎಂಬ ಉತ್ತರ ಬಂತು. ಒಲೆಯ ಮೈ, ಹೊಗೆಕೊಳವೆ, ಹಾಪರ್ ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಹಾಗಾಗಿ ಸವೆದ ಭಾಗಗಳಷ್ಟನ್ನು ಪೇಟೆಯಲ್ಲಿ ಸಿಗುವ ಸಾಮಾನ್ಯ ಭಾಗಗಳಿಂದ ಬದಲಿಸುವುದೆಂದು ತೀರ್ಮಾನಿಸಿದೆವು. ಈ ಕೆಲಸದಲ್ಲಿ ನಾನು ಹಿಡಿದ ನಿಯಮ ಒಂದೇ: ಹಳೆಯ ಭಾಗದ ರೂಪವನ್ನು ನಕಲು ಮಾಡುವ ಮೊದಲು ಆ ಭಾಗ ಮಾಡಬೇಕಾದ ಕೆಲಸವನ್ನು ಸಂಖ್ಯೆಯಲ್ಲಿ ಬರೆದುಕೊಳ್ಳುವುದು. ಎಷ್ಟು ತಾಪ, ಎಷ್ಟು ವೇಗ, ಎಷ್ಟು ಬಲ, ಎಷ್ಟು ಗಾಳಿ ಎಂಬುದು ಕೈಯಲ್ಲಿದ್ದರೆ ಅಂಗಡಿಯವರು ಮುಂದಿಡುವ ಹತ್ತು ವಸ್ತುಗಳಲ್ಲಿ ಯಾವುದು ಹೊಂದುತ್ತದೆ ಎಂದು ಹೇಳಬಹುದು. ಇಲ್ಲದಿದ್ದರೆ ನೋಡಲು ಒಂದೇ ತರ ಇರುವುದನ್ನು ತಂದು ಸುಟ್ಟುಕೊಳ್ಳಬೇಕಾಗುತ್ತದೆ.

ಮೊದಲು ಬೆಂಕಿಯ ಬಟ್ಟಲು. ಪೆಲೆಟ್ ಒಲೆಯಲ್ಲಿ ಬೇರೆಲ್ಲಕ್ಕಿಂತ ಬೇಗ ಸಾಯುವ ಭಾಗ ಇದು. ಅಂಚಿನಲ್ಲಿ 4 ಮಿ.ಮೀ. ದಪ್ಪವಿದ್ದ ತಗಡು ತಳದಲ್ಲಿ 2 ಮಿ.ಮೀ.ಗಿಂತಲೂ ತೆಳ್ಳಗಾಗಿ, ಹೊಡೆದರೆ ಪದರ ಪದರವಾಗಿ ಉದುರುತ್ತಿತ್ತು. ತಯಾರಕರು ಬಳಸಿದ್ದು ಸಾದಾ ಕಬ್ಬಿಣ. ಸಾದಾ ಕಬ್ಬಿಣ ಸುಮಾರು 550 ಡಿಗ್ರಿ ದಾಟಿದ ಮೇಲೆ ಬೇಗ ಬೇಗ ಹೊಪ್ಪಳೆ ಬಿಡುತ್ತದೆ. ಬಟ್ಟಲಿನ ತಳ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಜಾತಿಗಳಲ್ಲಿ ಎಸ್‌ಎಸ್ 304 ಬಿಟ್ಟು ಬಿಟ್ಟು ಕಾಯುವ ಕಡೆ ಸುಮಾರು 870 ಡಿಗ್ರಿಯವರೆಗೆ ತಾಳುತ್ತದೆ, ಎಸ್‌ಎಸ್ 310 ಅದೇ ಸ್ಥಿತಿಯಲ್ಲಿ 1,000 ಡಿಗ್ರಿಯನ್ನು ದಾಟಿಯೂ ತಾಳುತ್ತದೆ. 310ರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 25, ನಿಕ್ಕೆಲ್ ಸುಮಾರು ಶೇಕಡಾ 20 ಇರುವುದೇ ಇದಕ್ಕೆ ಕಾರಣ, ಅದರ ಬೆಲೆಗೂ ಅದೇ ಕಾರಣ. ತಳಕ್ಕೆ 310, ಬದಿಗಳಿಗೆ 304 ಎಂದು ನಿಶ್ಚಯಿಸಿದೆವು. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಎಂಬ ನಂಬಿಕೆ ಪೇಟೆಯಲ್ಲಿ ಬಲವಾಗಿದೆ. ನಿಕ್ಕೆಲ್ ಕಡಿಮೆಯಿರುವ ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ತಗಡು ಕತ್ತರಿಸಿ ಕೊಡುವವರಿಂದ ಗ್ರೇಡಿನ ಮುದ್ರೆಯಿರುವ ತುಂಡನ್ನೇ ಕೇಳಿ ತಂದೆ.

ಬಟ್ಟಲಿನ ತೂತುಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಉರಿಯ ಗುಣವೆಲ್ಲ ಅಲ್ಲಿಯೇ ಇದೆ. ಹಳೆಯ ಬಟ್ಟಲಿನ ನಡುವಿನ ತೂತುಗಳು ಕೊರೆದುಹೋಗಿ ಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಕೆಲವು ಕಿಟ್ಟ ಕಟ್ಟಿ ಮುಚ್ಚಿದ್ದವು. ವರ್ನಿಯರ್ ಅಳತೆಗೋಲು ಹಾಕಿದರೆ ಒಂದೊಂದು ತೂತಿಗೆ ಒಂದೊಂದು ಅಳತೆ ಬರುತ್ತಿತ್ತು. ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪಾದ ಕಾಂಡವನ್ನು ಒಂದೊಂದಾಗಿ ತೂರಿಸಿ ನೋಡಿದೆ. ಅಂಚಿನ ತುಟಿಯ ಕೆಳಗೆ, ಬೆಂಕಿ ನೇರವಾಗಿ ತಾಗದ ಮೂಲೆಯ ತೂತುಗಳಲ್ಲಿ 5 ಮಿ.ಮೀ. ಬಿಟ್ ಬಿಗಿಯಾಗಿ ಕೂತಿತು, 5.5 ಹೋಗಲಿಲ್ಲ, ನಡುವಿನವುಗಳಲ್ಲಿ 6 ಕೂಡ ಸಡಿಲವಾಗಿ ಆಡಿತು. ಮೂಲ ಅಳತೆ 5 ಎಂದು ಹಾಗೆ ಖಚಿತವಾಯಿತು. 5ರ ಬದಲು 6 ಎಂದರೆ ಒಂದೇ ಮಿಲಿಮೀಟರ್ ಅಂತರ ಎಂದು ತೋರುತ್ತದೆ, ಆದರೆ ತೂತಿನ ವಿಸ್ತೀರ್ಣ ಶೇಕಡಾ 44 ಹೆಚ್ಚುತ್ತದೆ. ಅಷ್ಟು ದೊಡ್ಡ ತೂತಿನಿಂದ ಗಾಳಿ ರಭಸವಿಲ್ಲದೆ ಹೊರಡುತ್ತದೆ, ಬೂದಿಯನ್ನು ಎತ್ತಿ ಹಾರಿಸಲಾರದು, ನಿಂತ ಬೂದಿ ಕರಗಿ ಕಿಟ್ಟವಾಗುತ್ತದೆ. ಕೃಷಿ ತ್ಯಾಜ್ಯದ ಪೆಲೆಟ್ ಹಾಕುವವರಿಗೆ ಈ ಕಾಟ ಇನ್ನೂ ಹೆಚ್ಚು, ಯಾಕೆಂದರೆ ಅದರ ಬೂದಿಯಲ್ಲಿರುವ ಪೊಟ್ಯಾಸಿಯಂ ಬೂದಿಯನ್ನು ಕಡಿಮೆ ತಾಪಕ್ಕೇ ಕರಗಿಸುತ್ತದೆ. ಒಟ್ಟು 48 ತೂತು, ಪ್ರತಿಯೊಂದೂ 5 ಮಿ.ಮೀ., ಎಲ್ಲ ಸೇರಿ ಸುಮಾರು 940 ಚದರ ಮಿ.ಮೀ. ಗಾಳಿದಾರಿ ಎಂದು ಬರೆದುಕೊಂಡು, ಹೊಸ ತಳದಲ್ಲಿ ಅಷ್ಟನ್ನೇ ಕೊರೆದೆವು.

310ನ್ನು ಕೊರೆಯುವಾಗ ಬಿಟ್ ಒಂದು ಕ್ಷಣ ಕಚ್ಚದೆ ಉಜ್ಜಿದರೂ ಆ ಜಾಗ ಗಟ್ಟಿಯಾಗಿ ಮತ್ತೆ ಕೊರೆಯಲು ಬರುವುದಿಲ್ಲ. ಕೋಬಾಲ್ಟ್ ಬಿಟ್, ಕಡಿಮೆ ವೇಗ, ಬಿಡದ ಒತ್ತಡ, ಧಾರಾಳ ಕೂಲೆಂಟ್ ಬೇಕು. ಬೆಸುಗೆಗೆ 310ರ ರಾಡನ್ನೇ ಬಳಸಿದೆವು.

ಕಬ್ಬಿಣದ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಹಾಕುವಾಗ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಈ ಸ್ಟೀಲ್ ಕಾಯ್ದಾಗ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 150 ಮಿ.ಮೀ. ಉದ್ದದ ಬಟ್ಟಲು 650 ಡಿಗ್ರಿಯಷ್ಟು ಕಾಯ್ದರೆ 1.7 ಮಿ.ಮೀ.ಗೂ ಮಿಕ್ಕಿ ಬೆಳೆಯುತ್ತದೆ. ಹಳೆಯ ಬಟ್ಟಲಿನ ಹೊರ ಅಳತೆಯನ್ನೇ ಇಟ್ಟರೆ ಹೊಸದು ತನ್ನ ಚೌಕಟ್ಟಿನಲ್ಲಿ ಬಿಗಿದು, ಒಂದೋ ತಳ ಉಬ್ಬುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಆದ್ದರಿಂದ ಎಲ್ಲ ಬದಿಗೂ ಮೊದಲಿಗಿಂತ 1 ಮಿ.ಮೀ. ಹೆಚ್ಚು ಸಂದಿ ಬಿಟ್ಟು, ಗಾಳಿ ಆ ಸಂದಿಯಿಂದ ಕಳ್ಳದಾರಿ ಹಿಡಿಯದಂತೆ ತುಟಿಯ ಕೆಳಗೆ ಸೆರಾಮಿಕ್ ಫೈಬರಿನ ತೆಳುವಾದ ಪಟ್ಟಿ ಇಟ್ಟೆವು. ಬೆಂಕಿಯ ಬಳಿಯ ಬೋಲ್ಟುಗಳೂ ಸ್ಟೇನ್‌ಲೆಸ್, ಎಳೆಗಳಿಗೆ ಗ್ರಾಫೈಟ್ ಸವರಿದ್ದು. ಸತು ಲೇಪಿಸಿದ ಜಿಐ ಬೋಲ್ಟನ್ನು ಅಲ್ಲಿ ಹಾಕಲೇಬಾರದು. ಸತುವಿನ ಲೇಪ ಸುಟ್ಟು ಬರುವ ಹೊಗೆ ಕೆಟ್ಟದ್ದು.

ಇನ್ನು ಸ್ಕ್ರೂ. ಹಾಪರ್ ಖಾಲಿ ಮಾಡಿ ಅದನ್ನು ಹೊರಗೆಳೆದಾಗ ಬೆಂಕಿಯ ಕಡೆಯ ಸುತ್ತುಗಳ ಅಂಚು ಸವೆದು ಕತ್ತಿಯ ಬಾಯಿಯ ಹಾಗೆ ಹರಿತವಾಗಿತ್ತು. ಅಲ್ಲಿ ವ್ಯಾಸ 46 ಮಿ.ಮೀ. ಬಂತು, ಕೊಳವೆಯ ಒಳವ್ಯಾಸ 53. ನಾನು ತುದಿಯಲ್ಲಿ ವರ್ನಿಯರ್ ಹಿಡಿದುಕೊಂಡಿದ್ದಾಗ ಲೇತಿನವರು, "ಅಣ್ಣ, ಅದು ಸವೆದ ಅಳತೆ ಅಲ್ಲವಾ? ಮೋಟರಿನ ಹತ್ತಿರ ಒಂದು ಸುತ್ತು ಉಂಟು, ಅದಕ್ಕೆ ಪೆಲೆಟ್ ತಾಗಿಯೇ ಇಲ್ಲ, ಅದನ್ನು ನೋಡಿ" ಎಂದು ಸ್ಕ್ರೂವನ್ನು ತಿರುಗಿಸಿ ತೋರಿಸಿದರು. ಹಾಪರಿನ ಬಾಯಿಗಿಂತ ಹಿಂದೆ ಇರುವ ಆ ಸುತ್ತಿನಲ್ಲಿ ಬಣ್ಣವೂ ಅಳಿದಿರಲಿಲ್ಲ; ಅಲ್ಲಿ ಅಳೆದರೆ ಸರಿಯಾಗಿ 50. ಅಂದರೆ ಮೂಲದಲ್ಲಿ ಸುತ್ತಲೂ ಇದ್ದ ಸಂದಿ 1.5 ಮಿ.ಮೀ. ಮಾತ್ರ. ಅಷ್ಟು ಕಿರಿದಾದ ಸಂದಿಗೆ ಪೆಲೆಟಿನ ಹುಡಿ ನುಗ್ಗೀತು, ಚೂರು ನುಗ್ಗಲಾರದು. ಸಂದಿ 3.5 ಆದಾಗ ಮುರಿದ ಚೂರುಗಳು ಬೆಣೆಯ ಹಾಗೆ ಸಿಕ್ಕಿ ಸ್ಕ್ರೂ ನಿಲ್ಲುತ್ತಿತ್ತು. ಬಲ ಹೆಚ್ಚಿ ಚೂರು ಪುಡಿಯಾದೊಡನೆ ಹಿಂದೆ ಒತ್ತಿದ ಪೆಲೆಟೆಲ್ಲ ಒಟ್ಟಿಗೆ ಬೀಳುತ್ತಿತ್ತು. ರಾಶಿ ಬೀಳುವುದಕ್ಕೂ ಬೀಳದೆ ಇರುವುದಕ್ಕೂ ಮೂಲ ಇದೇ.

ಹೊಸ ಸ್ಕ್ರೂ ಮಾಡಿಸುವ ಅಗತ್ಯವಿರಲಿಲ್ಲ. ಸವೆದ ಅಂಚಿಗೆ ಸಾದಾ 6013 ರಾಡಿನಿಂದ ಬೆಸುಗೆ ತುಂಬಿ ಲೇತಿನಲ್ಲಿ 50ಕ್ಕೆ ತಿರುವಿದೆವು. ಬೇಗ ಸವೆಯದ ಗಟ್ಟಿ ಪದರ ಕೊಡುವ ಹಾರ್ಡ್‌ಫೇಸಿಂಗ್ ರಾಡ್ ಹಾಕಿದರೆ ಬಾಳಿಕೆ ಹೆಚ್ಚು, ನಿಜ. ಆದರೆ ಅದನ್ನು ಲೇತಿನ ಟೂಲ್ ಕಡಿಯುವುದಿಲ್ಲ, ಗ್ರೈಂಡ್ ಮಾಡಿಯೇ ತರಬೇಕು, ಮತ್ತು ಪೆಲೆಟಿನಂಥ ಮೆದು ವಸ್ತುವಿಗೆ ಅಷ್ಟು ಗಟ್ಟಿ ಅಂಚು ಬೇಕಾಗಿಲ್ಲ. ಬೆಸುಗೆಯ ಕಾವಿಗೆ ಕಾಂಡ ಬಾಗುವ ಕಾರಣ ಎದುರು ಬದಿಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಸುತ್ತ ಬಂದು, ಕೊನೆಗೆ ಡಯಲ್ ಗೇಜ್ ಇಟ್ಟು ನೆಟ್ಟಗೆ ಮಾಡಿದೆವು.

ಕಾಂಡವನ್ನು ಹಿಂಬದಿಯಲ್ಲಿ ಹಿಡಿಯುವ ಲೋಹದ ಬಳೆ, ಅಂದರೆ ಬುಶ್ ಕೂಡ ಸವೆದು ಅಂಡಾಕಾರವಾಗಿತ್ತು. 20 ಮಿ.ಮೀ. ಕಾಂಡಕ್ಕೆ 6204 ಬೇರಿಂಗ್ ಸರಿಹೊಂದುತ್ತದೆ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೂ ನಾನು ಗನ್‌ಮೆಟಲ್ ಬುಶ್ಶನ್ನೇ ತಿರುವಿಸಿ ಹಾಕಿದೆ. ನಿಮಿಷಕ್ಕೆ ಎರಡು ಮೂರು ಸುತ್ತು ತಿರುಗುವ, ಸದಾ ಮರದ ಹುಡಿ ಉದುರುವ ಜಾಗದಲ್ಲಿ ಬಾಲ್ ಬೇರಿಂಗಿನಿಂದ ಯಾವ ಲಾಭವೂ ಇಲ್ಲ. ಹುಡಿ ಗ್ರೀಸಿನಲ್ಲಿ ಕಲಸಿ ಗಟ್ಟಿಯಾಗುತ್ತದೆ. ಬುಶ್ಶಿಗೂ ಗ್ರೀಸ್ ಹಾಕಲಿಲ್ಲ, ಗ್ರಾಫೈಟ್ ಪುಡಿ ಮಾತ್ರ.

ಸ್ಕ್ರೂವನ್ನು ತಿರುಗಿಸುವ ಫೀಡ್ ಮೋಟರಿನ ಗೇರುಪೆಟ್ಟಿಗೆಯಲ್ಲಿ ಕೊನೆಯ ಗೇರಿನ ಹಲ್ಲು ಹೋಗಿತ್ತು, ಹೆಸರುಫಲಕದ ಅಕ್ಷರಗಳು ಕಾವಿಗೆ ಮಾಸಿದ್ದವು. ವೇಗವನ್ನು ತಿಳಿಯಲು ಪೆಟ್ಟಿಗೆ ಬಿಚ್ಚಿ ಒಂದೊಂದು ಜೋಡಿಯ ಹಲ್ಲು ಎಣಿಸಿ ಗುಣಿಸಿದಾಗ ಸುಮಾರು 450ಕ್ಕೆ 1 ಎಂಬ ಅನುಪಾತ ಬಂತು. ನಾಲ್ಕು ಪೋಲಿನ ಚಿಕ್ಕ ಮೋಟರ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 1,350ರ ಆಸುಪಾಸಿನಲ್ಲಿ ತಿರುಗುತ್ತದೆ; ಹಾಗಾದರೆ ಸ್ಕ್ರೂವಿನ ವೇಗ ನಿಮಿಷಕ್ಕೆ 3 ಸುತ್ತು. ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಬಳಸುವ ಪೆಲೆಟ್ ಒಲೆಗಳ ಮೋಟರ್ ತರಿಸುವವರು ಗಮನಿಸಬೇಕಾದ ಮಾತೊಂದಿದೆ: ಅವು 60 ಹರ್ಟ್ಸಿಗೆ ಮಾಡಿದವು, ಇಲ್ಲಿ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಮಾಡಿಕೊಂಡರೂ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ.

ಬಲವನ್ನು ಅಳೆಯುವುದು ಹೀಗೆ. ಹಾಪರ್ ತುಂಬ ಪೆಲೆಟ್ ಹಾಕಿ, ಸ್ಕ್ರೂವಿನ ಕಾಂಡಕ್ಕೆ 200 ಮಿ.ಮೀ. ಉದ್ದದ ಕಬ್ಬಿಣದ ಪಟ್ಟಿಯನ್ನು ಬಿಗಿದು, ಅದರ ತುದಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನೆಟ್ಟಗೆ ಎಳೆದೆವು. ತಕ್ಕಡಿಯ ಮುಳ್ಳು 4 ಕಿಲೋ ತೋರಿಸಿದಾಗ ಸ್ಕ್ರೂ ಕದಲಿತು. ಅಂದರೆ ಬೇಕಾದ ತಿರುಚುಬಲ ಸುಮಾರು 8 ನ್ಯೂಟನ್ ಮೀಟರ್. ಅದರ ಎರಡೂವರೆ ಪಾಲು, 20 ನ್ಯೂಟನ್ ಮೀಟರ್ ತಾಳುವ ಗೇರುಪೆಟ್ಟಿಗೆಯಿರುವ 25 ವ್ಯಾಟಿನ ಇಂಡಕ್ಷನ್ ಗೇರ್ ಮೋಟರನ್ನು ಮಂಗಳೂರಿನ ಬಂದರು ಪೇಟೆಯಿಂದ ತಂದೆವು. ಅದೇ ಅಂಗಡಿಯಲ್ಲಿ ಅಂಗೈಯಗಲದ ಸಿಂಕ್ರೋನಸ್ ಮೋಟರುಗಳು ಬಹಳ ಅಗ್ಗಕ್ಕೆ ಇದ್ದವು, ವೇಗವೂ ಹೊಂದುತ್ತಿತ್ತು. ಆದರೆ ಆ ಜಾತಿಯ ಹೆಚ್ಚಿನ ಮೋಟರುಗಳು ಎರಡು ದಿಕ್ಕಿನಲ್ಲಿ ಯಾವುದಕ್ಕೂ ಹೊರಡಬಹುದು. ಸ್ಕ್ರೂ ಸಿಕ್ಕಿಕೊಂಡೊಡನೆ ಹಿಮ್ಮುಖವಾಗಿ ತಿರುಗಿ ಪೆಲೆಟನ್ನು ಹಾಪರಿಗೇ ಒಯ್ಯುತ್ತವೆ. ಕೆಪಾಸಿಟರ್ ಇರುವ ಇಂಡಕ್ಷನ್ ಮೋಟರಿಗೆ ದಿಕ್ಕು ವಯರಿಂಗಿನಿಂದಲೇ ನಿಶ್ಚಿತ. ನಮ್ಮ ಸ್ಕ್ರೂವಿನ ಸುತ್ತು ಎಡಮುರಿಯದ್ದಾದ ಕಾರಣ ಅದನ್ನು ಮೊದಲೇ ಮೇಜಿನ ಮೇಲೆ ತಿರುಗಿಸಿ ನೋಡಿ ಗುರುತು ಹಾಕಿಕೊಂಡೆವು.

ಅಂಗಡಿಯಲ್ಲಿ 5 ಆರ್‌ಪಿಎಂ (ನಿಮಿಷಕ್ಕೆ 5 ಸುತ್ತು) ಮತ್ತು 2.5 ಆರ್‌ಪಿಎಂ ಎರಡೂ ಇದ್ದವು, 3 ಇರಲಿಲ್ಲ. ಹೆಚ್ಚಿನವರು 5ರದ್ದನ್ನು ತೆಗೆದುಕೊಂಡು, ಮೋಟರನ್ನು ಬಿಟ್ಟು ಬಿಟ್ಟು ಓಡಿಸುವ ಟೈಮರಿನಲ್ಲಿ ಕಡಿಮೆ ಮಾಡಿಕೊಳ್ಳುವ ಸಲಹೆ ಕೊಟ್ಟರು. ನಾನು 2.5ನ್ನೇ ಆರಿಸಿದೆ, ಮತ್ತು ಈ ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ನಿರ್ಧಾರ ಇದೇ. ಸ್ಕ್ರೂವನ್ನು ಕೈಯಿಂದ 20 ಸುತ್ತು ತಿರುಗಿಸಿ ಬಿದ್ದ ಪೆಲೆಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸುಮಾರು 400 ಗ್ರಾಂ ಬಂತು, ಅಂದರೆ ಸುತ್ತಿಗೆ 20 ಗ್ರಾಂ. 2.5 ಆರ್‌ಪಿಎಂ ಮೋಟರ್ ಒಂದು ಕ್ಷಣವೂ ನಿಲ್ಲದೆ ತಿರುಗಿದರೂ ಗಂಟೆಗೆ 3 ಕಿಲೋ ಬೀಳುತ್ತದೆ. ಅದು ಈ ಒಲೆಯ ಪೂರ್ಣ ಸಾಮರ್ಥ್ಯ, ಕಿಲೋಗೆ 4,000 ಕಿಲೋಕ್ಯಾಲರಿ ಎಂದು ಹಿಡಿದರೆ ಸುಮಾರು 14 ಕಿಲೋವ್ಯಾಟ್ ಕಾವು. 5 ಆರ್‌ಪಿಎಂ ಆದರೆ ಗಂಟೆಗೆ 6 ಕಿಲೋ. ಟೈಮರಿನ ರಿಲೇ ಕಾಂಟ್ಯಾಕ್ಟ್ ಒಂದು ದಿನ ಅಂಟಿಕೊಂಡರೆ, ಮತ್ತು ಮೋಟರಿನಂಥ ಲೋಡಿನಲ್ಲಿ ರಿಲೇಗಳು ಅಂಟಿಕೊಳ್ಳುವುದು ಅಪರೂಪವಲ್ಲ, ರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ಬ್ಲೋವರ್ ಉರಿಸಬಲ್ಲದರ ಎರಡು ಪಾಲು ಪೆಲೆಟ್ ಬಟ್ಟಲಿನಲ್ಲಿ ರಾಶಿಯಾಗಿ ಜಾರುಬಾಯಿಯವರೆಗೆ ಬೆಂಕಿ ಏರುತ್ತದೆ. ಕೆಟ್ಟರೂ ಅಪಾಯ ಮಾಡದ ವೇಗವನ್ನು ಮೋಟರಿನಲ್ಲಿಯೇ ಆರಿಸಿಕೊಂಡರೆ ಟೈಮರನ್ನು ನಂಬಿ ಮಲಗಬೇಕಾಗಿಲ್ಲ.

ಮೋಟರಿನ ಕಾಂಡಕ್ಕೂ ಸ್ಕ್ರೂವಿಗೂ ನಡುವೆ ಹಳೆಯದರಲ್ಲಿ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸಣ್ಣ ಬಿಗಿತಿರುಪು ಇತ್ತು. ಅದರ ಬದಲು 20 ಮಿ.ಮೀ. ಕಾಂಡಕ್ಕೆ ಅಡ್ಡಲಾಗಿ 2 ಮಿ.ಮೀ. ಹಿತ್ತಾಳೆಯ ಪಿನ್ ಹಾಕಿದೆವು. ಲೆಕ್ಕದಂತೆ ಅದು ಸುಮಾರು 14 ನ್ಯೂಟನ್ ಮೀಟರಿಗೆ ತುಂಡಾಗಬೇಕು: ಕೆಲಸಕ್ಕೆ ಬೇಕಾದ 8ಕ್ಕಿಂತ ಹೆಚ್ಚು, ಗೇರುಪೆಟ್ಟಿಗೆ ತಾಳುವ 20ಕ್ಕಿಂತ ಕಡಿಮೆ. ಕಲ್ಲೋ ಮೊಳೆಯೋ ಸಿಕ್ಕಿಕೊಂಡರೆ ಪಿನ್ ಹೋಗುತ್ತದೆ, ಗೇರು ಉಳಿಯುತ್ತದೆ.

ಬ್ಲೋವರಿನದು ಸಣ್ಣ ಕೆಲಸ. 8 ಮಿ.ಮೀ. ಕಾಂಡಕ್ಕೆ 608 ಬೇರಿಂಗ್, ಎರಡೂ ಬದಿಗೆ ಲೋಹದ ಮುಚ್ಚಳವಿರುವ ಝಡ್‌ಝಡ್ ಜಾತಿಯದ್ದು. ರಬ್ಬರ್ ಮುಚ್ಚಳದ್ದು ಈ ಕಾವಿಗೆ ಆಗದು. 2.5 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಕೆಪಾಸಿಟರ್ ಮೀಟರಿನಲ್ಲಿ 1.6 ತೋರಿಸಿತು, ಅದಕ್ಕೆ ಸೀಲಿಂಗ್ ಫ್ಯಾನಿನ 2.5ರ ಕೆಪಾಸಿಟರ್ ಹಾಕಿದರಾಯಿತು. ಎಲೆಗಳ ಮೇಲೆ ಕೂತ ಮಸಿಯನ್ನು ಕೆರೆದ ಮೇಲೆ ಅದುರುವುದು ನಿಂತಿತು.

ಹೊತ್ತಿಸುವ ವಿದ್ಯುತ್ ರಾಡ್ ಸುಟ್ಟಿತ್ತು. 300 ವ್ಯಾಟಿನ ಒಳ್ಳೆಯ ರಾಡ್ 230 ವೋಲ್ಟಿಗೆ ಸುಮಾರು 176 ಓಮ್ ತೋರಿಸಬೇಕು. ಇದರಲ್ಲಿ ಮೀಟರ್ ಕದಲಲೇ ಇಲ್ಲ. ಅಚ್ಚುಗಳನ್ನು ಬಿಸಿಮಾಡುವ ಕಾರ್ಟ್ರಿಜ್ ಹೀಟರುಗಳು ಅದೇ ದಪ್ಪ, ಅದೇ ಉದ್ದದಲ್ಲಿ ಸಿಗುತ್ತವೆ, ಆದರೆ ಅವು ಲೋಹದ ತೂತಿನಲ್ಲಿ ಬಿಗಿಯಾಗಿ ಕೂತು ಕಾವನ್ನು ಲೋಹಕ್ಕೆ ದಾಟಿಸಲು ಮಾಡಿದವು. ಗಾಳಿಯಲ್ಲಿ ನಿಲ್ಲಿಸಿದರೆ ಕೆಂಪಗಾಗಿ ಬೇಗ ಸಾಯುತ್ತವೆ. ಹಾಕಲೇಬೇಕಾದರೆ ಕಾವು ತಾಳುವ ಇಂಕಲಾಯ್ ಮಿಶ್ರಲೋಹದ ಹೊದಿಕೆಯದ್ದನ್ನು, ಉದ್ದ ಹೆಚ್ಚಿಸಿ ವ್ಯಾಟ್ ತಗ್ಗಿಸಿ ಮಾಡಿಸಿಕೊಳ್ಳಬೇಕು. ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಮನೆಯ ಹಿರಿಯರು, "ಆ ಕಡ್ಡಿ ಬೇಕೇ ಬೇಕಾ? ನಾವು ಒಣ ಮಡಲಿನ ಗರಿಯಿಂದಲೇ ಹೊತ್ತಿಸುವುದಲ್ಲವಾ, ಒಮ್ಮೆ ಹೊತ್ತಿದರೆ ಕೊಬ್ಬರಿ ಆಗುವವರೆಗೆ ಉರಿಯುತ್ತದೆ" ಎಂದು ಕೇಳಿದರು. ಅವರ ಮಾತು ಸರಿಯಾಗಿಯೇ ಇತ್ತು. ಕರೆಂಟ್ ಹೋಗಿ ಬಂದಾಗ ಒಲೆ ತಾನಾಗಿ ಹೊತ್ತಿಕೊಳ್ಳುವುದಕ್ಕಿಂತ ಒಬ್ಬರು ಬಂದು ಬಟ್ಟಲು ನೋಡಿ ಹೊತ್ತಿಸುವುದೇ ಕ್ಷೇಮ. ರಾಡಿನ ಕೊಳವೆಯನ್ನು ಸ್ಟೀಲಿನ ಬಿರಡೆಯಿಂದ ಮುಚ್ಚಿ ಬೆಂಕಿತಡೆಯುವ ಗಾರೆ ಮೆತ್ತಿದೆವು; ಖಾಲಿ ಬಿಟ್ಟಿದ್ದರೆ ಗಾಳಿಯೆಲ್ಲ ಆ ತೂತಿನಿಂದಲೇ ನುಗ್ಗುತ್ತಿತ್ತು.

ಬಾಗಿಲಿನ ಹಗ್ಗವನ್ನು ತೆಗೆಯುವಾಗ ಎಚ್ಚರ ಬೇಕು. ಹಳೆಯ ಬಿಳಿ ಹಗ್ಗ ಆಸ್‌ಬೆಸ್ಟಸ್ ಆಗಿರಲೂಬಹುದು, ನೋಡಿ ಗುರುತಿಸಲು ಬರುವುದಿಲ್ಲ. ಆದ್ದರಿಂದ ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಕಿತ್ತು, ಚೀಲದಲ್ಲಿ ಕಟ್ಟಿದೆವು. ಹೊಸದಕ್ಕೆ 12 ಮಿ.ಮೀ. ಸೆರಾಮಿಕ್ ಫೈಬರ್ ಹಗ್ಗ. ಗ್ಲಾಸ್ ಫೈಬರ್ ಹಗ್ಗ ಸುಮಾರು 550 ಡಿಗ್ರಿಯವರೆಗೆ ಸಾಕು, ಚಿಮಣಿಯ ಕಡೆಯ ಮುಚ್ಚಳಕ್ಕೆ ಅದನ್ನೇ ಹಾಕಿದೆವು. ಅಂಟಿಗೆ ಸೋಡಿಯಂ ಸಿಲಿಕೇಟ್. ಗ್ಯಾರೇಜಿನ ಕೆಂಪು ಸಿಲಿಕೋನ್ 300 ಡಿಗ್ರಿಯ ಒಳಗೇ ಸೋಲುತ್ತದೆ, ಬೆಂಕಿಯ ಬಾಗಿಲಿಗೆ ಅದು ಸಲ್ಲ. ಹಗ್ಗವನ್ನು ಎಳೆದು ಕೂರಿಸಬಾರದು, ಎಳೆದಷ್ಟೂ ತೆಳ್ಳಗಾಗುತ್ತದೆ. ಅಂಟು ಒಣಗಿದ ಮೇಲೆ ಬಾಗಿಲ ಸುತ್ತಲೂ ಅಲ್ಲಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಿದೆವು. ಬಿಜಾಗರಿಯ ಕೆಳಗಿನ ಮೂಲೆಯಲ್ಲಿ ಪಟ್ಟಿ ಸುಲಭವಾಗಿ ಜಾರಿ ಬಂತು, ಅಲ್ಲಿ ಬಿಜಾಗರಿಗೆ ವಾಷರ್ ಕೊಟ್ಟು ಸರಿಮಾಡಿದೆವು. ಉರಿ ನೋಡುವ ಕಿಂಡಿಯ ಗಾಜು ಒಡೆದಿತ್ತು. ಸಾದಾ ಟಫನ್ಡ್ ಗಾಜು ಈ ಕಾವಿಗೆ ನಿಲ್ಲುವುದಿಲ್ಲ. ಇಸ್ತ್ರಿಪೆಟ್ಟಿಗೆ ರಿಪೇರಿಯವರಲ್ಲಿ ಸಿಗುವ ಅಭ್ರಕದ ಹಾಳೆ ಎರಡು ಪದರ ಸಾಕಾಯಿತು.

ಹಾಪರಿನ ಕೊಳವೆಯ ಮೇಲೆ ಕೂರುವ ತಾಪದ ಸ್ವಿಚ್ಚಿನ ವಿಚಾರದಲ್ಲಿ ಅಗ್ಗ ತುಟ್ಟಿ ನೋಡಬಾರದು. ಬೆಂಕಿ ಸ್ಕ್ರೂವಿನ ದಾರಿಯಲ್ಲಿ ಹಾಪರಿನ ಕಡೆಗೆ ಹಿಂದಕ್ಕೆ ಬಂದರೆ ಮೋಟರನ್ನು ನಿಲ್ಲಿಸುವುದು ಅದೊಂದೇ. ಪೇಟೆಯಲ್ಲಿ ಒಂದೇ ರೂಪದ ಎರಡು ಬಗೆ ಸಿಗುತ್ತವೆ: ತಣಿದ ಮೇಲೆ ತಾನಾಗಿ ಸೇರಿಕೊಳ್ಳುವುದು, ನಡುವಿನ ಗುಂಡಿ ಒತ್ತಿದರೆ ಮಾತ್ರ ಸೇರಿಕೊಳ್ಳುವುದು. ಮೊದಲಿನದ್ದು ಇಲ್ಲಿ ಬೇಡವೇ ಬೇಡ. ಕೊಳವೆ ಕಾದಾಗಲೆಲ್ಲ ಬಿಟ್ಟು, ತಣಿದಾಗಲೆಲ್ಲ ಸೇರಿ, ದೋಷವನ್ನು ಮುಚ್ಚಿಡುತ್ತದೆ. ಗೀಸರಿನ ಸುರಕ್ಷೆಗೆ ಬಳಸುವ ಗುಂಡಿಯ ಸ್ವಿಚ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದರ ಮೈಮೇಲೆ ತಾಪ ಬರೆದಿರುತ್ತದೆ. 90 ಡಿಗ್ರಿ ಎಂದು ಬರೆದಿದ್ದನ್ನು ತಂದು, ಸೌಟಿನಲ್ಲಿ ತೆಂಗಿನೆಣ್ಣೆ ಹಾಕಿ, ಥರ್ಮಾಮೀಟರಿನ ಜೊತೆ ಸ್ವಿಚ್ಚಿನ ಲೋಹದ ಮುಖವನ್ನು ಎಣ್ಣೆಗೆ ತಾಗಿಸಿ, ಮಲ್ಟಿಮೀಟರ್ ಸೇರಿಸಿ ನಿಧಾನವಾಗಿ ಕಾಯಿಸಿದೆವು. 88ರಲ್ಲಿ ಟಕ್ಕೆಂದು ಬಿಟ್ಟಿತು. ಎಣ್ಣೆ ಪೂರ್ತಿ ತಣಿದರೂ ಗುಂಡಿ ಒತ್ತುವವರೆಗೆ ಸೇರಲಿಲ್ಲ. ಹೀಗೆ ನೋಡದೆ ಯಾವ ಸ್ವಿಚ್ಚನ್ನೂ ಒಲೆಗೆ ಹಾಕಬಾರದೆಂದು ನನ್ನ ಖಂಡಿತವಾದ ಅಭಿಪ್ರಾಯ.

ಇದನ್ನು ಫೀಡ್ ಮೋಟರಿನ ಲೈನಿಗೆ ಮಾತ್ರ ಸೇರಿಸಬೇಕು, ಇಡೀ ಒಲೆಯ ಲೈನಿಗಲ್ಲ. ಸ್ವಿಚ್ ಬಿಟ್ಟಾಗ ಪೆಲೆಟ್ ನಿಲ್ಲಬೇಕು, ಬ್ಲೋವರ್ ಮಾತ್ರ ತಿರುಗುತ್ತಲೇ ಇದ್ದು ಬಟ್ಟಲಿನಲ್ಲಿ ಉಳಿದದ್ದನ್ನು ಉರಿಸಿ ಹೊಗೆಯನ್ನು ಚಿಮಣಿಗೆ ಕಳುಹಿಸಬೇಕು. ಸುಟ್ಟುಹೋದ ಕಂಟ್ರೋಲ್ ಬೋರ್ಡಿನ ಜಾಗದಲ್ಲಿ ಪ್ಯಾನೆಲ್ ಅಂಗಡಿಯ ಸೈಕ್ಲಿಕ್ ಟೈಮರ್, ಒಣಗಿಸುವ ಕೋಣೆಗೆ ತಾಪ ಅಳೆಯುವ ಕೆ ಜಾತಿಯ ಥರ್ಮೋಕಪಲ್ ಸೇರಿಸಿದ ಡಿಜಿಟಲ್ ಕಂಟ್ರೋಲರ್ ಬಂತು. ಥರ್ಮೋಕಪಲಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಕಾವು ಏರಿದಂತೆ ಅಂಕೆ ಇಳಿಯುತ್ತದೆ. ಬಣ್ಣ ಮಾಸಿದ್ದರೆ ಅಯಸ್ಕಾಂತ ಹಿಡಿದು ನೋಡಿ, ಅಂಟುವ ತಂತಿಯೇ ನೆಗೆಟಿವ್. ಒಲೆಯ ಮೈಗೆ ತಾಗುವ ವಯರುಗಳೆಲ್ಲ ಗ್ಲಾಸ್ ಹೆಣಿಗೆಯ ಸಿಲಿಕೋನ್ ವಯರ್. ಮನೆಯ ಪಿವಿಸಿ ವಯರ್ 70 ಡಿಗ್ರಿಗೆ ಮಾಡಿದ್ದು, ಅಲ್ಲಿ ಕರಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದೇ ಇದೆ. ಬ್ಲೋವರಿಗೆ ಮಾತ್ರ ಸೈನ್ ವೇವ್ ಇನ್ವರ್ಟರ್ ಕೊಟ್ಟಿದ್ದೇವೆ. ಸ್ಕ್ವೇರ್ ವೇವಿನದ್ದಾದರೆ ಇಂಥ ಮೋಟರುಗಳು ಗುಂಯ್‌ಗುಟ್ಟಿ ಕಾಯುತ್ತವೆ.

ಜೋಡಿಸಿದ ಮೇಲೆ ಬೆಂಕಿಯಿಲ್ಲದೆ ಬ್ಲೋವರನ್ನು ಪೂರ್ತಿ ಓಡಿಸಿ, ಹಾಪರಿನ ಮುಚ್ಚಳದ ಸುತ್ತ ಊದುಬತ್ತಿ ಹಿಡಿದು ನೋಡಿದೆವು. ಈ ಒಲೆಯಲ್ಲಿ ಗಾಳಿಯನ್ನು ಒಳಗೆ ತಳ್ಳುವುದರಿಂದ ಮುಚ್ಚಳ ಸೋರಿದರೆ ಗಾಳಿ, ಅದರ ಹಿಂದೆ ಬೆಂಕಿ, ಸ್ಕ್ರೂವಿನ ದಾರಿಯಿಂದ ಮೇಲಕ್ಕೆ ಬರುತ್ತದೆ. ಒಂದು ಬದಿಯಲ್ಲಿ ಹೊಗೆ ಹೊರಕ್ಕೆ ಚದುರಿತು, ಮುಚ್ಚಳದ ರಬ್ಬರ್ ಪಟ್ಟಿಯನ್ನು ಬದಲಿಸಿದ ಮೇಲೆ ನೆಟ್ಟಗೆ ಏರಿತು. ಆಮೇಲೆ ಹೊತ್ತಿಸಿದೆವು. ಟೈಮರನ್ನು 6 ಸೆಕೆಂಡ್ ಓಡು, 4 ಸೆಕೆಂಡ್ ನಿಲ್ಲು ಎಂದಿಟ್ಟಾಗ ಗಂಟೆಗೆ 1.8 ಕಿಲೋ, ಕೋಣೆ 65 ಡಿಗ್ರಿಗೆ ಏರಿ ಅಲ್ಲಿಯೇ ನಿಂತಿತು. ಮೊದಲು ಉರಿ ಕೆಂಪಗೆ ತೂಗಾಡುತ್ತ ಮಸಿ ಬಿಡುತ್ತಿತ್ತು, ಗಾಳಿ ಸ್ವಲ್ಪ ಏರಿಸಿದೊಡನೆ ಹಳದಿ ಬಿಳಿಯಾಗಿ ಚುರುಕಾಯಿತು; ಇನ್ನೂ ಏರಿಸಿದರೆ ಸಣ್ಣ ಪೆಲೆಟ್‌ಗಳು ಬಟ್ಟಲಿನಿಂದ ಹಾರತೊಡಗಿದವು, ಅಲ್ಲಿಂದ ಒಂದು ಗುರುತು ಕೆಳಗೆ ನಿಲ್ಲಿಸಿದೆವು. ಒಂದು ಗೂಡು ಕೊಬ್ಬರಿ ಪೂರ್ತಿ ಒಣಗಿ ಇಳಿದಾಗ ಹೊಗೆಯ ವಾಸನೆ ಇರಲಿಲ್ಲ, ಬಟ್ಟಲಿನ ಬೂದಿ ಹಿಟ್ಟಿನಂತೆ ಉದುರಿತು, ತಣಿದ ಬಟ್ಟಲು ಚೌಕಟ್ಟಿನಿಂದ ಕೈಯಲ್ಲೇ ಎದ್ದು ಬಂತು.

ಬಟ್ಟಲಿನ ಹಾಗೂ ಕೂಡುವಿಕೆಗಳ ಬೋಲ್ಟುಗಳನ್ನು ತಣಿದ ಮೇಲೆ ಇನ್ನೊಮ್ಮೆ ಬಿಗಿಮಾಡಿದ್ದೇವೆ. ಹಿತ್ತಾಳೆಯ ಪಿನ್ನುಗಳು ಕೆಲವು, ಒಂದು ಕೆಪಾಸಿಟರ್ ಮತ್ತು ಒಂದು ರಿಲೇ ಪ್ಯಾನೆಲಿನ ಒಳಗೆ ಡಬ್ಬಿಯಲ್ಲಿವೆ. ಬೇರಿಂಗಿನ ಸಂಖ್ಯೆ, ತೂತಿನ ಅಳತೆ, ಸ್ಕ್ರೂವಿನ ಮೂಲ ವ್ಯಾಸ, ಮೋಟರಿನ ದಿಕ್ಕು ಇವನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಪೈಂಟಿನಲ್ಲಿ ಬರೆಸಿದ್ದೇವೆ. ಉಳಿದಿರುವುದು ಪೆಲೆಟಿನ ಚೀಲಗಳನ್ನು ನೆಲದಿಂದ ಎತ್ತಿ ಇಡಲು ಹಲಗೆಯ ಅಟ್ಟ ಮಾಡುವ ಕೆಲಸ, ಯಾಕೆಂದರೆ ಇಲ್ಲಿಯ ಮಳೆಗಾಲದ ತೇವಕ್ಕೆ ಪೆಲೆಟ್ ಉಬ್ಬಿ ಹುಡಿಯಾದರೆ ಎಂಥ ಹೊಸ ಸ್ಕ್ರೂವೂ ಸಿಕ್ಕಿಕೊಳ್ಳುತ್ತದೆ. ಪೆಲೆಟ್ ಬೇರೆ ಕಡೆಯಿಂದ ತರಿಸಿದರೆ ಮತ್ತೊಮ್ಮೆ 20 ಸುತ್ತು ತಿರುಗಿಸಿ ತೂಗಿ, ಟೈಮರನ್ನು ಅದಕ್ಕೆ ತಕ್ಕಂತೆ ಇಡಬೇಕೆಂದು ಮನೆಯವರಿಗೆ ಮಾಡಿ ತೋರಿಸಿದ್ದೇನೆ.